ಅಂಚಿನ ಹಿಂದಿನ ಗಂಟು

"ಇದೇನ್ರೀ ಇದು? ನನ್ನ ಸೀರೆನಾ, ಗೋಡೆಗೆ ಬಳಿದ ಬಣ್ಣನಾ?"

ಪುಷ್ಪ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಕೊಳ್ಳೇಗಾಲದ ಆ ಕಂಪ್ಯೂಟರ್ ಅಂಗಡಿಯಲ್ಲಿ ಜೆರಾಕ್ಸ್‌ಗೆ ನಿಂತವರೆಲ್ಲ ತಿರುಗಿ ನೋಡಿದರು. ನೋಡಲಿ!

ಮಾದೇಶ್ ಗಾಬರಿಯಿಂದ ಎದ್ದ. ಅಂಗಡಿ ಕೆಲಸಕ್ಕೆ ದಿನಾ ಹನೂರಿನಿಂದ ಬಸ್ಸಲ್ಲಿ ಬರುವ ಹುಡುಗ. ಅವಳ ಸೀರೆ ಫೋಟೋಗಳನ್ನೆಲ್ಲ ಒಂದೇ ಪಿಡಿಎಫ್ ಮಾಡಲು ತಾನೇ ಪ್ರೋಗ್ರಾಂ ಬರೆದಿದ್ದ.

"ಏನಾಯ್ತು?"

"ಕೊಯಮತ್ತೂರಿನ ಅಂಗಡಿಯೋರು ಇದು ಕೈಮಗ್ಗದ್ದೇ ಅಲ್ಲ, ಪ್ರಿಂಟು ಅಂದ್ರು! ನಾನೇ ಕೂತು ನೇಯ್ದ ಅಂಚು ಕಣ್ರಿ. ಮಧ್ಯಾಹ್ನಕ್ಕೆ ಅವರು ಬೇರೆಯವರ ಸೀರೆ ಆರಿಸ್ಕೋತಾರೆ. ಆಮೇಲೆ ನನ್ನ ಮಗ್ಗ ಮುಚ್ಚಿದಂಗೇ!"

ಅವನು ಪಿಡಿಎಫ್ ತೆರೆದು ಹಿಗ್ಗಿಸಿದ. ಜರಿಯ ಎಳೆಗಳೆಲ್ಲ ಕಲಸಿಹೋಗಿದ್ದವು.

"ನಾನೇ... ಫೋಟೋ ಕುಗ್ಗಿಸಿ ಹಾಕೋ ಹಂಗೆ ಬರ್ದಿದ್ದೆ."

"ಬೇಕಂತಲೇ?!"

ಇವನನ್ನಾ ನಾನು ಮನಸ್ಸಲ್ಲಿ ಇಟ್ಟುಕೊಂಡದ್ದು... ಥೂ! ಅವಳ ಕಣ್ಣು ತುಂಬಿತು.

"ಮೊದ್ಲು ಮಾಡಿದ್ದು ಭಾರ ಆಗಿ ನಿಮ್ ಫೋನಲ್ಲಿ ತೆರೀಲಿಲ್ಲ. ನೀವು ಮುಖ ಸಪ್ಪಗೆ ಮಾಡ್ಕಂಡ್ರಿ. ಅದ್ಕೇ..."

"ನನ್ ಮುಖ ನೋಡ್ಕಂಡು ಸೀರೆ ಕೆಡಿಸಿದ್ರಾ?"

"ಊಂ."

ಬಯ್ಯಬೇಕೆಂದುಕೊಂಡಳು. ಬದಲಿಗೆ ಕಣ್ಣೊರೆಸಿಕೊಂಡು ಫೋನನ್ನು ಅವನತ್ತ ತಳ್ಳಿದಳು.

"ಮುಖ ಆಮೇಲೆ ನೋಡಿ. ಮೊದ್ಲು ಇದನ್ನ ಸರಿ ಮಾಡಿ!"

ಪ್ರೋಗ್ರಾಂನಲ್ಲಿ ಫೋಟೋ ಕುಗ್ಗಿಸುವ ಸಾಲುಗಳನ್ನು ಅವನು ಕಿತ್ತೆಸೆದ. ಈಗ ಪಿಡಿಎಫ್ ಹಾಳೆಗೆ ತಕ್ಕಂತೆ ಫೋಟೋ ಕುಗ್ಗುವುದಿಲ್ಲ, ಹಾಳೆಯೇ ಫೋಟೋದಷ್ಟು ದೊಡ್ಡದಾಗುತ್ತದೆ. ಕ್ಯಾಮೆರಾದಲ್ಲಿ ಬಂದ ಚಿತ್ರ, ಒಂದು ಚುಕ್ಕಿಯೂ ಬದಲಾಗದೆ ಒಳಗೆ ಕೂರುತ್ತದೆ.

ಪರದೆ ಮೇಲೆ ಅಂಚು ಅರಳಿತು. ಎಳೆ ಎಳೆಯೂ ಬೇರೆ ಬೇರೆ! ಆದರೆ ಅಂಚಿನ ಹಿಂಬದಿಯ ಫೋಟೋದಲ್ಲಿ...

"ಅಯ್ಯೋ! ಎಳೆ ಕಡಿದಾಗ ನಾನು ಹಾಕಿದ ಗಂಟು ಕಾಣ್ತದೆ. ಅಳಿಸಿಬಿಡಿ."

"ಇರ್ಲಿ. ಮಿಷನ್ನು ಹಿಂಗೆ ಗಂಟು ಹಾಕ್ತದಾ?"

ಫೈಲು ಭಾರವಾಗಿತ್ತು. ವಾಟ್ಸಾಪ್‌ನಲ್ಲಿ ಫೈಲು ಹಾಕುವುದು ಬಿಟ್ಟು ಕೊಯಮತ್ತೂರಿನವರಿಗೆ ಅದರ ಲಿಂಕ್ ಕಳಿಸಿದ. ಪುಷ್ಪ ಉಗುರು ಕಚ್ಚುತ್ತ ನಿಂತಳು.

ಫೋನ್ ಬಂತು. ತಮಿಳು ಬೆರೆತ ಕನ್ನಡ.

"ಅಮ್ಮಾ, ಹಿಂದೆ ಆ ಗಂಟು ನೋಡಿದೆ. ಕೈಮಗ್ಗವೇ! ಎಲ್ಲಾ ಸೀರೆನೂ ನಮಗೇ ಇಡಿ!"

"ಗೆದ್ದೆ!" ಎಂದು ಕೂಗಿಬಿಟ್ಟಳು. ಜೆರಾಕ್ಸ್‌ಗೆ ನಿಂತಿದ್ದ ಅಜ್ಜಿಯೊಬ್ಬಳು ಏನೂ ತಿಳಿಯದೆ ಚಪ್ಪಾಳೆ ತಟ್ಟಿದಳು.

ಪುಷ್ಪ ಅವನತ್ತ ತಿರುಗಿದಳು.

"ಈಗ ನೋಡಿ ಮುಖ."

"ನೋಡ್ತಾನೇ ಇವ್ನಿ."

"ನಂಗೆ ಕೋಪ ಜಾಸ್ತಿ."

"ಅದು ಇದ್ದಂಗೇ ಇರ್ಲಿ. ಕುಗ್ಗಿಸೋ ಸಾಲು ನಾನೇ ಕಿತ್ತಾಕಿವ್ನಲ್ಲ."

ಕೆನ್ನೆ ಬಿಸಿಯಾಯಿತು ಅವಳಿಗೆ.

"ಸಂಜೆ ಹನೂರು ಬಸ್ಸು ಬಿಡಿ. ನಮ್ಮನೆಗೆ ಬಂದು ಅಪ್ಪನ್ನ ಕೇಳಿ."

"ಏ... ಏನಂತ?"

"ಅದನ್ನೂ ನಾನೇ ನೇಯ್ದು ಕೊಡ್ಬೇಕಾ?"