ಒಗೆಯಲು ಕೊಡದ ಜಾಕೆಟ್

"ಸ್ವಲ್ಪ ದೂರ ನಿಂತ್ಕೊಳ್ಳಿ, ನಿಮ್ಮ ಮೈಯಿಂದ ಘಮ ಬರ್ತಿದೆ."

ಅವಳು ನನಗೆ ಹೇಳಿದ ಮೊದಲ ಮಾತು ಇದು. ಲಾಂಡ್ರಿ ಇಟ್ಟವನ ಮೈಯಿಂದ ಸೋಪಿನ ಘಮ ಬರದೆ ಇನ್ನೇನು ಬರಬೇಕು? ಮೈಯೆಲ್ಲ ಉರಿದುಹೋಯಿತು. ನನ್ನದೇ ಹಿತ್ತಲು, ನನ್ನದೇ ಬಾವಿ, ನನಗೇ ದೂರ ನಿಲ್ಲು ಅನ್ನುತ್ತಾಳಲ್ಲ ಎಂದು ಗೊಣಗಿಕೊಂಡು, ಬಟ್ಟೆ ಒಣಹಾಕುವ ಹಗ್ಗದ ಆಚೆ ಹೋಗಿ ನಿಂತೆ.

ನಮ್ಮ ಹಿತ್ತಲ ಗೋಡೆಯಾಚೆ ಹಿಂದೆ ಪೆಟ್ರೋಲ್ ಡಿಪೋ ಇತ್ತು. ಅದನ್ನು ಮುಚ್ಚಿ, ಟ್ಯಾಂಕುಗಳನ್ನು ಅಗೆದು ಒಯ್ದು ವರ್ಷಗಳಾಗಿದ್ದವು. ಆದರೆ ಸೋರಿದ್ದು ಮಣ್ಣಲ್ಲೇ ಉಳಿದಿತ್ತು. ಅದು ನಮ್ಮ ಬಾವಿಗೂ ಇಳಿದಿರಬಹುದು ಎಂಬ ಅನುಮಾನಕ್ಕೆ ಬಾವಿಯ ಮುಚ್ಚಳಕ್ಕೆ ಬೀಗ ಬಿತ್ತು. ಮೂರು ತಿಂಗಳಿಗೊಮ್ಮೆ ಮಣ್ಣು, ನೀರಿನ ಪರೀಕ್ಷೆ; ಅದಕ್ಕೆಂದು ಮಾದರಿ ಒಯ್ಯಲು ಬಂದವಳೇ ಅವಳು. ಸತತ ನಾಲ್ಕು ಸಲ ಶುದ್ಧ ಎಂದು ಬಂದರೆ ಬೀಗ ತೆಗೆಯುತ್ತಾರೆ. ಅಲ್ಲಿಯವರೆಗೆ ಟ್ಯಾಂಕರ್ ನೀರು. ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಬಕೆಟ್ ಹೊತ್ತು ಹೊತ್ತು ಅಮ್ಮನೂ ನಾನೂ ಸೋತುಹೋಗಿದ್ದೆವು. ಈ ವರ್ಷವೂ ಆಗದಿದ್ದರೆ ಅಂಗಡಿ ಮುಚ್ಚಿ ಅಕ್ಕನ ಊರಿಗೆ ಹೋಗೋಣ ಎಂದು ಅಮ್ಮ ಹೇಳಿಯಾಗಿತ್ತು. ಬೇಡ ಅನ್ನುವಷ್ಟು ಶಕ್ತಿ ನನ್ನಲ್ಲೂ ಉಳಿದಿರಲಿಲ್ಲ.

ಎರಡನೇ ಸಲ ಬಂದಾಗ ಅವಳೇ ಕಾರಣ ಹೇಳಿದಳು. ಅವಳು ಹುಡುಕುವುದು ಕಣ್ಣಿಗೆ ಕಾಣದಷ್ಟು ಸಣ್ಣದನ್ನು. ಸೆಂಟು, ಕ್ರೀಮು, ನೈಲ್ ಪಾಲಿಶ್ ಯಾವುದರ ಗಾಳಿ ತಾಗಿದರೂ ಲೆಕ್ಕ ಕೆಡುತ್ತದಂತೆ. ಅವಳ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಬಾಟಲಿ ಇರುತ್ತಿತ್ತು. ಲ್ಯಾಬಿನಲ್ಲೇ ಶುದ್ಧ ನೀರು ತುಂಬಿ ಮುಚ್ಚಿದ್ದು. ಅದನ್ನು ಎಲ್ಲೂ ತೆರೆಯುವುದಿಲ್ಲ, ಹಾಗೆಯೇ ವಾಪಸ್ ಒಯ್ಯುತ್ತಾರೆ. ಆದರೂ ಘಾಟು ಗಾಳಿ ಮುಚ್ಚಳ ದಾಟಿ ಒಳಗಿಳಿಯಬಹುದಂತೆ. ಅದರಲ್ಲೂ ಏನಾದರೂ ಸಿಕ್ಕಿದರೆ ತಪ್ಪು ಬಾವಿಯದಲ್ಲ, ತಂದವರದು ಎಂದರ್ಥ.

ಬಾವಿಯಲ್ಲಿ ನಿಂತ ಹಳೆ ನೀರನ್ನೆಲ್ಲ ಮೊದಲು ಪಂಪ್ ಮಾಡಿ ತೆಗೆಯಬೇಕಿತ್ತು. ಆ ಹೊತ್ತಿನಲ್ಲೇ ನಮ್ಮ ಮಾತುಕತೆ. ಅವಳ ಬೂದು ಜಾಕೆಟ್‌ನ ಕಾಲರ್ ಸವೆದು, ಅಂಚಿಗೆಲ್ಲ ಮಣ್ಣು ಹಿಡಿದಿತ್ತು. ನನ್ನ ಕಸುಬಿನವನಿಗೆ ಅದು ನೋಡಲಾಗದ ಸಂಕಟ. ಕೊಡಿ ಮೇಡಂ, ಒಗೆದು ಕೊಡ್ತೀನಿ ಎಂದು ಪ್ರತಿಸಲ ಕೇಳುತ್ತಿದ್ದೆ. ಒಗೆದು ನಿಮ್ಮ ಬಾವಿಗೇ ಕುತ್ತು ತಂದ್ಕೊಳ್ತೀರಾ ಎಂದು ಓರೆಗಣ್ಣಲ್ಲಿ ನೋಡಿ ನಗುತ್ತಿದ್ದಳು. ತುಟಿ ಬಿಗಿದೇ ಇರುತ್ತಿತ್ತು, ನಗುವೆಲ್ಲ ಕಣ್ಣಲ್ಲೇ.

ಮೂರನೇ ಸಲದ ಹೊತ್ತಿಗೆ ನಾನು ಅವಳು ಬರುವ ದಿನ ಬರೀ ನೀರಲ್ಲಿ ಸ್ನಾನ ಮಾಡತೊಡಗಿದ್ದೆ. ಹತ್ತಿರ ನಿಲ್ಲಬಹುದಲ್ಲ.

"ಯಾರಾದ್ರೂ ಬರ್ತಾರೆ ಅಂದ್ರೆ ಜನ ಸೋಪು ಹಚ್ಕೊಳ್ತಾರೆ," ಎಂದಳು ಅಮ್ಮ, "ನನ್ನ ಮಗ ಸೋಪು ಬಿಡ್ತಾನೆ."

ಮೂರೂ ಸಲ ಶುದ್ಧ ಎಂದೇ ಬಂತು. ನಾಲ್ಕನೆಯದೂ ಹಾಗೇ ಬಂದರೆ ಬಾವಿ ನಮ್ಮದು. ಅವಳು ಮತ್ತೆ ಬರುವುದಿಲ್ಲ. ಇಬ್ಬರಿಗೂ ಗೊತ್ತಿತ್ತು. ನಾಲ್ಕನೇ ಸಲ ಬಂದಳು. ಕೆಲಸ ಮುಗಿಸಿ ಕೈಗವಸು ಕಳಚಿದಾಗ ನೋಡಿದೆ, ಉಗುರಿಗೆಲ್ಲ ಕೆಂಪು ಬಣ್ಣ. ನಾನು ನೋಡಿದ್ದನ್ನು ಅವಳೂ ನೋಡಿ, ಕೈಗಳನ್ನು ಜಾಕೆಟ್ ಜೇಬಿಗೆ ತುರುಕಿಕೊಂಡಳು. ಸಂಜೆ ಅವಳನ್ನು ನೋಡಲು ಯಾರೋ ಬರುತ್ತಿರಬೇಕು ಅಂದುಕೊಂಡೆ. ಹುಷಾರಾಗಿ ಹೋಗಿಬನ್ನಿ ಅಂದೆ, ಅಷ್ಟೆ.

ಫಲಿತಾಂಶ ಕೆಟ್ಟಿತು. ನೀರಲ್ಲಿ ಏನೋ ಸಿಕ್ಕಿದೆ ಎಂದು ಅವರ ಆಫೀಸಿನಿಂದ ಫೋನ್ ಬಂತು. ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ನಾನು ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿದೆ. ಅಳುವುದಕ್ಕೂ ಸುಸ್ತು.

ಎರಡು ದಿನ ಬಿಟ್ಟು ಅವಳು ಬಂದಳು, ಪೆಟ್ಟಿಗೆ ಇಲ್ಲದೆ. ಈ ಸಲ ಹಗ್ಗದ ಆಚೆ ನಿಂತವಳು ಅವಳು.

"ತಪ್ಪು ಬಾವಿಯದಲ್ಲ, ನನ್ನದು. ತೆರೆಯದ ಬಾಟಲೀಲೂ ಅದೇ ಬಂದಿದೆ. ನೈಲ್ ಪಾಲಿಶ್‌ನದು. ನಿಮ್ಮ ಬೀದಿ ತುದೀಲಿ ಗಾಡಿ ನಿಲ್ಸಿ, ಕಿಟಕಿ ಮುಚ್ಕೊಂಡು ಹಚ್ಕೊಂಡೆ. ಪೆಟ್ಟಿಗೆ ಪಕ್ಕದಲ್ಲೇ ಇತ್ತು."

ಕೋಪ ಬಂತು, ಸುಳ್ಳೇಕೆ ಹೇಳಲಿ. ಅಮ್ಮ ಕಟ್ಟಿದ ಗಂಟುಗಳು ಬಾಗಿಲಲ್ಲೇ ಇದ್ದವು. "ಎಲ್ಲಾ ಗೊತ್ತಿದ್ದೂ ಯಾಕೆ ಹಚ್ಕೊಂಡ್ರಿ?"

"ಕೊನೇ ಸಲ ಬರ್ತಿದ್ದೆ. ವರ್ಷವಿಡೀ ಈ ಮಣ್ಣು ಜಾಕೆಟ್‌ನಲ್ಲೇ ನೋಡಿದ್ದೀರಿ. ಒಂದ್ಸಲನಾದ್ರೂ ಚೆನ್ನಾಗಿ ಕಾಣ್ಬೇಕು ಅನ್ನಿಸ್ತು."

ಯಾರಿಗೆ ಎಂದು ಕೇಳುವಷ್ಟು ದಡ್ಡ ನಾನಲ್ಲ. ಆದರೂ ಕೇಳಿದೆ.

"ಟ್ಯಾಂಕರ್ ಡ್ರೈವರ್‌ಗೆ," ಎಂದವಳ ಕಣ್ಣಲ್ಲಿ ನೀರೂ ನಗುವೂ ಒಟ್ಟಿಗೇ ಬಂದವು.

ಆಫೀಸಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡು ಬಂದಿದ್ದಳು. ಈ ಜಾಗದ ಕೆಲಸ ಅವಳ ಕೈತಪ್ಪಿತ್ತು. ಇನ್ನೊಬ್ಬರು ಬಂದು ಮತ್ತೆ ಪರೀಕ್ಷೆ ಮಾಡುತ್ತಾರಂತೆ. ಹಾಗಾದರೆ ನೀರು ಚೆನ್ನಾಗಿದೆಯಾ ಎಂದು ಅಮ್ಮ ಕೇಳಿದಳು. ನೋಡದೆ ಹೇಳಲಾರೆ ಎಂದಳು ಅವಳು. ಆ ಹೊತ್ತಿಗೂ ಒಂದು ಸಮಾಧಾನದ ಸುಳ್ಳು ಅವಳ ಬಾಯಿಂದ ಬರಲಿಲ್ಲ. ನನ್ನ ಕೋಪ ಅಲ್ಲೇ ಇಳಿಯಿತು.

ಅವಳು ಜಾಕೆಟ್ ಕಳಚಿ ಹಗ್ಗದ ಮೇಲೆ ಹಾಕಿದಳು. "ಒಗೆದು ಕೊಡಿ. ಟ್ಯಾಂಕರ್ ನೀರಲ್ಲಿ ಬೇಡ, ಬಾವಿ ತೆರೆದ ಮೇಲೆ."

"ತೆರೆಯದಿದ್ರೆ?"

"ನೀವು ಎಲ್ಲಿಗೆ ಹೋಗ್ತೀರೋ ಅಲ್ಲಿಗೇ ಬಂದು ಇಸ್ಕೊಳ್ತೀನಿ."

ಅಮ್ಮ ಗಂಟುಗಳನ್ನು ಬಿಚ್ಚಲಿಲ್ಲ, ಹೊಸದನ್ನು ಕಟ್ಟಲೂ ಇಲ್ಲ. ಜಾಕೆಟ್ ಅಂಗಡಿಯ ಮೊಳೆಯಲ್ಲಿ ಮಣ್ಣಿನ ಸಮೇತ ಕಾಯುತ್ತಿತ್ತು. ದಿನಾ ಇಸ್ತ್ರಿ ಮಾಡುತ್ತ ಅದನ್ನೇ ನೋಡುತ್ತಿದ್ದೆ. ಕೊನೆಗೆ ಫೋನ್ ಬಂತು: ನೀರು ಶುದ್ಧ.

ಬೀಗ ತೆಗೆದ ದಿನ ಮೊದಲ ಬಕೆಟ್ ಸೇದಿ, ಅಂಗಡಿಯಲ್ಲಿದ್ದ ಅತಿ ಘಮದ ಸೋಪು ಹಾಕಿ ಆ ಜಾಕೆಟ್ ಒಗೆದೆ. ಸಂಜೆ ಬಂದವಳು ಅದರ ಕಾಲರನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡಳು. ನಾನು ಅಭ್ಯಾಸಬಲದಿಂದ ಹಗ್ಗದ ಆಚೆಯೇ ನಿಂತಿದ್ದೆ.

"ಇನ್ನೂ ಯಾಕೆ ಅಷ್ಟು ದೂರ?" ಎಂದಳು. "ಬನ್ನಿ ಹತ್ತಿರ."