ಕೊನೆಯ ಎಳೆ ಹೊಸೆಯುವ ಮೊದಲು

ನನ್ನ ನೆನಪಿನ ಮೇಲೆ ಅನುಮಾನವೇ? ನಿನ್ನೆ ಇಟ್ಟ ಚಾರ್ಜರನ್ನು ಇವತ್ತು ಮನೆಯೆಲ್ಲ ಹುಡುಕುವವರು ನೀವು. ಬಾಯಿ ಮುಚ್ಚಿಕೊಂಡು ಕೇಳಿ.

ಗದ್ವಾಲದ ಬುಚ್ಚಮ್ಮನ ಮಗ್ಗ ಸಂಸ್ಥಾನದ ಕಾಲದಿಂದ ಒಮ್ಮೆಯೂ ಬರಿದಾಗಿಲ್ಲ. ಒಂದು ಸೀರೆಯ ಉದ್ದೆಳೆಗಳ ಹಾಸು ಮುಗಿದರೆ ಅದರ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಅದಕ್ಕೆ ಹೊಸೆಯುವುದು ಆ ಮನೆಯ ಪದ್ಧತಿ. ಹೋದ ವರ್ಷ ಅದಕ್ಕೆ ಕೂತವಳು ಮೊಮ್ಮಗಳು ಅಖಿಲಾ, ಡಿಗ್ರಿ ಎರಡನೇ ವರ್ಷ. ಇನ್ನೂ ನೂರು ಎಳೆಯನ್ನೂ ಹೊಸೆದಿರಲಿಲ್ಲ, ಕಾಲು ಇಳಿಬಿಟ್ಟಿದ್ದ ಮಗ್ಗದ ಗುಂಡಿಯಿಂದ ಒಂದು ತಲೆ ಮೇಲೆದ್ದಿತು.

ಹೆಗಲಲ್ಲಿ ಕಂಬಳಿ, ಮೈಯೆಲ್ಲ ಧೂಳು. ಹೆಸರು ಮೈಲಾರಲಿಂಗ. ಕುರಿ ಕಸಿಯಲು ಬಂದ ಜಮಾದಾರನಿಗೆ ಅಡ್ಡ ನಿಂತು, ಅವನ ಕುದುರೆ ಸವಾರರಿಂದ ತಪ್ಪಿಸಿಕೊಳ್ಳಲು ಇದೇ ಮನೆಯ ಅಂದಿನ ಒಡತಿ ಶೇಖಮ್ಮನ ಮಗ್ಗದ ಗುಂಡಿಗೆ ಹಾರಿದ್ದ. ಎದ್ದದ್ದು ಇನ್ನೂರು ವರ್ಷ ಈಚೆಗೆ. ಎಳೆಗಳೆಲ್ಲ ಕೂಡುವವರೆಗೆ ಮಾತ್ರ ಆ ದಾರಿ ತೆರೆದಿರುತ್ತಿತ್ತು.

“ನಿನ್ನಿ ಹೊಸೆದಿದ್ದ ಎಳಿ ಬಿಚ್ಚ್ಯಾವಲ್ಲ?” ಎಂದಳು ಅಖಿಲಾ ಮೂರನೇ ದಿನ.

“ನಾನ ಬಿಚ್ಚೀನಿ.”

“ಯಾಕ?”

ಅವನು ತಿರುಗುವ ಫ್ಯಾನಿನ ಕಡೆ ನೋಡಿದ. “ಮುಗದ್ರ ನೀ ಎಲ್ಲಿ ಸಿಗ್ತಿ?”

ಬೈಯಲು ಬಾಯಿ ತೆರೆದಳು. ಅವಳ ಮೂಗಿಗೆ ಹತ್ತಿದ ಬೂದಿಯನ್ನು ಅವನು ಕಂಬಳಿಯ ಅಂಚಿನಿಂದ ಒರೆಸಿದ. ಬೈಗುಳ ಮರೆತೇಹೋಯಿತು.

“ಕಂಬಳಿ ಚುಚ್ಚತೈತಿ.”

“ರೂಢಿ ಆಗತೈತಿ.”

ಹೊರಗಿನಿಂದ ಬುಚ್ಚಮ್ಮ, “ಏಮೇ, ಇನ್ನೂ ಆಗ್ಲಿಲ್ಲೇನ? ಆಮೆ ಆಗಿದ್ರೂ ಇಷ್ಟೊತ್ತಿಗೆ ಮಕ್ತಲ್ ಮುಟ್ಟತಿತ್ತು,” ಎಂದಳು.

ಐದನೇ ದಿನ ಮಧ್ಯಾಹ್ನ ಒಂದೇ ಎಳೆ ಉಳಿದಿತ್ತು. ಗುಂಡಿಯೊಳಗಿಂದ ಕುದುರೆಗಳ ಸದ್ದು, ಹೆಂಗಸಿನ ಚೀರಾಟ.

“ಅವನನ್ನ ಎಲ್ಲಿ ಬಚ್ಚಿಟ್ಟಿ? ಹೇಳದಿದ್ರ ಬೆರಳು ಕಡೀತೀನಿ.” ಜಮಾದಾರನ ಧ್ವನಿ.

ನೇಯುವ ಶೇಖಮ್ಮನ ಬೆರಳು. ಮೈಲಾರಲಿಂಗ ಎದ್ದು ನಿಂತ.

“ನಾ ಹೋಗಬೇಕು. ಹೋದ ಮ್ಯಾಲ ಕಡೀ ಎಳಿ ಹೊಸೆದುಬಿಡು. ಇಲ್ಲಾಂದ್ರ ಅವ್ರು ಇಲ್ಲಿಗೂ ಬರ್ತಾರ.”

“ಬ್ಯಾಡ ಅಂದ್ರ ಇರ್ತೀಯೇನ?”

“ಬೀರಪ್ಪನ ಆಣಿ, ನೀ ಅಂದ್ರ ಇರ್ತೀನಿ.”

ಅಖಿಲಾ ಅವನ ಕೈ ಬಿಡಲಿಲ್ಲ. ಶೇಖಮ್ಮ ಮತ್ತೆ ಚೀರಿದಳು.

“ಇರ್ತಿ ಅಂತ ಗೊತ್ತೈತಿ,” ಎಂದಳು. “ಅದಕ್ಕ ಅನ್ನಂಗಿಲ್ಲ. ನಿನ್ನ ಮ್ಯಾಲ ಭಾಳ ಮನಸೈತಿ ನಂದು. ಹೋಗು.”

ಅವಳ ಅಂಗೈಯನ್ನು ಕಣ್ಣಿಗೊತ್ತಿಕೊಂಡು ಅವನು ಇಳಿದ.

“ಆಕೀನ ಬಿಡ್ರಿ. ನಾ ಇಲ್ಲಿ ಅದೀನಿ.”

ಗದ್ದಲ, ಏನೋ ಉರುಳಿದ ಸದ್ದು. ಆಮೇಲೆ ಶೇಖಮ್ಮನ ಕೂಗು: “ನನ್ನ ಬಿಟ್ಟಾರ, ಓಡೋ ಲಿಂಗಾ.”

ಓಡಿದನೋ, ಸಿಕ್ಕಿಬಿದ್ದನೋ? ಅಖಿಲಾ ಬಗ್ಗಿ ಕಿವಿಗೊಟ್ಟಳು. ಕೇಳಿದ್ದು ಗುಂಡಿಗೆ ಇಳಿಯುವ ಬೂಟಿನ ಸದ್ದು. ಕತ್ತಲಲ್ಲಿ ಒಬ್ಬ ಸವಾರನ ರುಮಾಲಿನ ತುದಿ ಕಂಡಿತು. ಅವಳು ಕೊನೆಯ ಎಳೆ ಹೊಸೆದಳು.

ಗುಂಡಿಯಲ್ಲಿ ಅವಳ ಕಾಲುಗಳಷ್ಟೇ ಇದ್ದವು.

ಬುಚ್ಚಮ್ಮ ಬಂದು ಹಾಸಿನ ಮೇಲೆ ಕೈಯಾಡಿಸಿದಳು. “ಇದಕ್ಕ ಐದು ದಿನ ಬೇಕಾತೇನ?”

“ಇನ್ನೂ ಬೇಕಾಗಿತ್ತವ್ವಾ,” ಎಂದಳು ಅಖಿಲಾ.

ಮುಗಿಯಿತು. ಕೇಳಿ ಸುಮ್ಮನೆ ಕೂರಬೇಡಿ, ಈ ವಾಯ್ಸ್ ನೋಟನ್ನು ನಾರಾಯಣಪೇಟೆಯ ನಿಮ್ಮವರಿಗೂ ಕಳಿಸಿ. ಮಗ್ಗದ ಮುಂದೆ ಕೂತ ಹುಡುಗಿಯರಿಗೆ ಮೊದಲು.