ಅಜ್ಜಿಗೆ ಓದಿ ಹೇಳುವ ದ್ವೀಪ

"ಅಜ್ಜಿಯಂದಿರು ಯಾರೂ ದ್ವೀಪಕ್ಕೆ ಹೋಗೋದೇ ಇಲ್ವಾ?"

ರಕ್ಷಿತಾ ಇದನ್ನು ಯಾರನ್ನೂ ಕುರಿತು ಕೇಳಲಿಲ್ಲ. ದೇವರಾಜ ಮೊಹಲ್ಲಾದ ಪುಸ್ತಕದಂಗಡಿಯಲ್ಲಿ ಕಪಾಟಿನ ಮುಂದೆ ನಿಂತು, ಕಪಾಟೇ ತಪ್ಪು ಮಾಡಿದೆ ಎನ್ನುವ ಹಾಗೆ ಕೇಳಿದಳು.

ಅಂಡಮಾನಿನ ಗೈಡ್‌ಬುಕ್ಕುಗಳೇನೋ ಅಲ್ಲಿ ಸಾಲಾಗಿದ್ದವು. ಮೊದಲನೆಯದರ ರಟ್ಟಿನ ಮೇಲೆ ಗಂಡ ಹೆಂಡತಿ ಕೈಕೈ ಹಿಡಿದು ಮರಳಿನ ಮೇಲೆ ಓಡುತ್ತಿದ್ದರು. ಎರಡನೆಯದರಲ್ಲೂ ಅವರೇ ಬಟ್ಟೆ ಬದಲಾಯಿಸಿಕೊಂಡು ಓಡುತ್ತಿದ್ದ ಹಾಗಿತ್ತು. ಮೂರನೆಯದರಲ್ಲಿ ಒಬ್ಬಾತ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನುಗಳ ನಡುವೆ ತೇಲುತ್ತಿದ್ದ. ಒಳಗೆ ಎಷ್ಟು ಹಾಳೆ ಮಗುಚಿದರೂ ತಲೆ ನರೆತವರು ಒಬ್ಬರೂ ಸಿಗಲಿಲ್ಲ.

"ಆ ಕೆಂಪು ರಟ್ಟಿಂದು ತಗೊಳಮ್ಮ," ಎಂದರು ಅಂಗಡಿಯ ಜವರಪ್ಪ, ಗಲ್ಲಾದ ಹಿಂದಿನಿಂದಲೇ. "ಫುಲ್ ಕಲರ್. ಎಲ್ರೂ ಅದನ್ನೇ ತಗೊಂಡೋಗೋದು."

"ಎಲ್ರೂ ಅಂದ್ರೆ ಯಾರು ಅಂಕಲ್?"

"ಹನಿಮೂನ್‌ಗೆ ಹೋಗೋರು."

"ನಾವು ಹನಿಮೂನ್‌ಗೆ ಹೋಗ್ತಿಲ್ಲ. ನಮ್ಮಜ್ಜಿನ ಕರ್ಕೊಂಡು ಹೋಗ್ತಿದೀವಿ."

ಜವರಪ್ಪ ಹೊಟ್ಟೆ ಕುಣಿಸಿ ನಕ್ಕರು. "ಅಜ್ಜಿಗ್ಯಾಕಮ್ಮ ಅಂಡಮಾನು? ಕಾಶಿದು ಕೊಡ್ತೀನಿ ತಡಿ. ರಾಮೇಶ್ವರದ್ದೂ ಐತೆ, ಕನ್ನಡದಲ್ಲೇ."

ರಕ್ಷಿತಾಳ ಮೂಗಿನ ತುದಿ ಕೆಂಪಾಯಿತು. "ಅಜ್ಜಿ ಅಂದ್ರೆ ಕಾಶಿಗೇ ಹೋಗ್ಬೇಕು ಅಂತ ರೂಲ್ಸ್ ಇದೆಯಾ?"

ಪಕ್ಕದಲ್ಲಿದ್ದ ಅಮ್ಮ ಹೇಮಶ್ರೀ ಅವಳ ತೋಳು ಚಿವುಟಿದರು. "ದೊಡ್ಡೋರ ಹತ್ರ ಹಂಗೆಲ್ಲ ಮಾತಾಡ್ತಾರೇನೆ?"

"ಮತ್ತೆ ಅವ್ರು ಅಜ್ಜಿ ಬಗ್ಗೆ ಹಂಗೆ ಮಾತಾಡಬಹುದಾ?"

ದಸರಾ ಬಂತೆಂದರೆ ಲೋಕವೆಲ್ಲ ಮೈಸೂರಿಗೆ ಬರುತ್ತದೆ. ಈ ಸಲದ ದಸರಾ ರಜೆಗೆ ರಕ್ಷಿತಾಳ ಮನೆಯವರು ಮಾತ್ರ ಮೈಸೂರು ಬಿಟ್ಟು ಹೊರಟಿದ್ದರು. ಮಂಡಕಳ್ಳಿಯಲ್ಲಿ ವಿಮಾನ ಹತ್ತಿ ಚೆನ್ನೈ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಅಂಡಮಾನ್. ಅವರ ವಂಶದಲ್ಲೇ ಯಾರೂ ದ್ವೀಪ ನೋಡಿದವರಲ್ಲ.

"ಪುಸ್ತಕ ಯಾಕೆ? ಎಲ್ಲಾ ಫೋನಲ್ಲೇ ಇದೆ," ಎಂದಿದ್ದರು ಅಪ್ಪ ವಿಶ್ವನಾಥ್.

"ನಿನ್ನ ಫೋನು ನಿನ್ನ ಕಣ್ಣಿಗಪ್ಪ. ನಂಗೆ ಕಿವಿಗೆ ಬೇಕು," ಎಂದಿದ್ದರು ಅಜ್ಜಿ ಪ್ರೇಮಲೀಲಾ. ಆಮೇಲೆ ರಕ್ಷಿತಾಳ ಕಡೆ ತಿರುಗಿ, "ನೀನೇ ಆರಿಸ್ಕೊಂಡು ಬಾ ಮಗ. ಓದೋಳು ನೀನಲ್ವಾ?" ಎಂದಿದ್ದರು.

ಅಜ್ಜಿ ಕೇಳಿ ಕೇಳಿ ಬೆಳೆದವರು. ಅವರು ಚಿಕ್ಕವರಿದ್ದಾಗ ಸಂಜೆ ಮಠದ ಜಗಲಿಯಲ್ಲಿ ಒಬ್ಬರು ಕಾವ್ಯ ಹಾಡುವರು, ಇನ್ನೊಬ್ಬರು ಅದರ ಅರ್ಥ ಹೇಳುವರು. ಅಜ್ಜಿ ಕಂಬಕ್ಕೊರಗಿ ಕುಳಿತರೆ ಮಂಗಳಾರತಿಯವರೆಗೂ ಅಲುಗಾಡುತ್ತಿರಲಿಲ್ಲವಂತೆ. ಈಗ ಕಣ್ಣು ಮಂಜಾಗಿ ಸಣ್ಣ ಅಕ್ಷರ ಕಾಣದು. ಆದರೆ ಕಿವಿ ಮಾತ್ರ ಎಳೆಯ ಹುಡುಗಿಯದೇ.

"ಕಾವ್ಯ ಅಂದ್ಮೇಲೆ ಸಮುದ್ರದ ವರ್ಣನೆ ಇದ್ದೇ ಇರತ್ತೆ," ಎನ್ನುತ್ತಿದ್ದರು ಅಜ್ಜಿ. "ಎಷ್ಟೊಂದು ಸಮುದ್ರ ಕೇಳಿದೀನಿ ಮಗ. ಒಂದೂ ನೋಡಿಲ್ಲ."

ಆದ್ದರಿಂದಲೇ ರಕ್ಷಿತಾ ಸುಲಭಕ್ಕೆ ಬಿಡಲಿಲ್ಲ. ಅಂಗಡಿಯ ನೆಲಕ್ಕೆ ಮಂಡಿಯೂರಿ ಕಪಾಟಿನ ಕೆಳಸಾಲನ್ನು ಹುಡುಕಿದಳು. ಅಲ್ಲೊಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕವಿತ್ತು. ರಟ್ಟಿನ ಮೇಲೆ ಯಾರೂ ಓಡುತ್ತಿರಲಿಲ್ಲ. ಒಂದು ದೋಣಿ, ಅದನ್ನು ಕಟ್ಟಿದ ಹಗ್ಗ, ಅಷ್ಟೇ. ಒಳಗೆ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಯಾವ ಹೋಟೆಲಿನಲ್ಲಿ ಬರೀ ಸಸ್ಯಾಹಾರ, ಎಲ್ಲಿ ಮೆಟ್ಟಿಲು ಕಡಿದು ಎಂದೆಲ್ಲ ಬರೆದಿತ್ತು. ಕೊನೆಯ ಭಾಗದಲ್ಲಿ ಒಂದು ಅಧ್ಯಾಯಕ್ಕೆ 'ಹಿರಿಯರ ಜೊತೆ ಹೋಗುವಾಗ' ಎಂಬರ್ಥದ ಹೆಸರಿತ್ತು.

"ಇದೇ," ಎಂದಳು.

"ಫೋಟೋನೇ ಇಲ್ವಲ್ಲಮ್ಮ ಅದ್ರಲ್ಲಿ," ಎಂದರು ಜವರಪ್ಪ.

"ನಮ್ಮಜ್ಜಿಗೆ ಫೋಟೋ ಕಾಣಲ್ಲ ಅಂಕಲ್," ಎಂದು ರಕ್ಷಿತಾ ಪುಸ್ತಕವನ್ನು ಎದೆಗವಚಿಕೊಂಡಳು.

ವಿದ್ಯಾರಣ್ಯಪುರಂನ ಮನೆಯಲ್ಲಿ ಅಂದಿನಿಂದ ಸಂಜೆಗಳಿಗೆ ಉಪ್ಪುಗಾಳಿ ಬೀಸತೊಡಗಿತು. ಅಜ್ಜಿ ಸಂಜೆಯ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ನಡುಮನೆಯಲ್ಲಿ ಚಾಪೆ ಹಾಸಿ ಕೂರುವರು. ರಕ್ಷಿತಾ ಎದುರಿಗೆ.

"ಮೊದ್ಲು ಅವ್ರು ಬರ್ದಂಗೇ ಓದು. ಆಮೇಲೆ ಅರ್ಥ ಹೇಳು."

"ಇಂಗ್ಲಿಷು ಅಜ್ಜಿ. ನಿಮ್ಗೆ ಅರ್ಥ ಆಗಲ್ಲ."

"ಆಗ್ದಿದ್ರೂ ಪರವಾಗಿಲ್ಲ. ದನಿ ಕೇಳ್ಬೇಕು."

ಹೀಗೆ ರಕ್ಷಿತಾ ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದುವಳು, ಅಜ್ಜಿ ಕಣ್ಣು ಮುಚ್ಚಿ ತಲೆದೂಗುವರು. ಆಮೇಲೆ ಅವಳು ಕನ್ನಡದಲ್ಲಿ ಹೇಳುವಳು. ಗೊತ್ತಿಲ್ಲದ ಪದ ಬಂದರೆ ಅಮ್ಮನನ್ನು ಕೂಗಿ ಕೇಳುವಳು.

"ಸಮುದ್ರ ನೀಲಿಯಾಗಿದೆ ಅಂತ ಬರ್ದಿದಾರೆ ಅಜ್ಜಿ."

"ಆಮೇಲೆ?"

"ಅಷ್ಟೇ. ನೀಲಿ."

"ಅಯ್ಯೋ ಪುಣ್ಯಾತ್ಮ," ಎಂದು ಅಜ್ಜಿ ನಕ್ಕರು. "ಎದುರಿಗೆ ನಿಂತು ನೋಡ್ದೋನು ಇಷ್ಟು ಜಿಪುಣನಾ? ಇರ್ಲಿ, ಉಳಿದಿದ್ದು ನಾವೇ ಹೋಗಿ ನೋಡ್ಕೊಳ್ಳೋಣ."

ಇನ್ನೇನು ಹಿರಿಯರ ಅಧ್ಯಾಯ ಶುರುವಾಗಬೇಕು. ಆ ದಿನ ಸಂಜೆ ಶಾಲೆಯಿಂದ ಬಂದ ರಕ್ಷಿತಾ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಬೇಗ ಮನೆಗೆ ಬಂದಿದ್ದ ಅಪ್ಪನ ಕೈಯಲ್ಲಿ ಅವಳ ಪುಸ್ತಕವಿತ್ತು.

"ಸುಮಾಗೆ ಫೋನ್ ಮಾಡ್ದೆ," ಎಂದು ಅಪ್ಪ ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಸುಮಾ ಎಂದರೆ ಅಪ್ಪನ ತಂಗಿ, ಅಜ್ಜಿಯ ಮಗಳು. "ಅಮ್ಮ ಅವ್ರ ಮನೇಲಿ ಇರ್ಲಂತೆ. ನಾಳೆ ಮೂರೇ ಟಿಕೆಟ್ ಮಾಡಿಸ್ಬುಡ್ತೀನಿ."

ರಕ್ಷಿತಾಳ ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು. "ಮೂರಾ? ನಾವು ನಾಲ್ಕು ಜನ."

"ಮೆಲ್ಲಗೆ ಮಾತಾಡು ಕಣೆ. ಅಜ್ಜಿ ಪೂಜೆಗೆ ಕೂತಿದಾರೆ."

"ಅಜ್ಜಿನ ಕೇಳಿದ್ರಾ ನೀವು?"

ಅಪ್ಪ ಪುಸ್ತಕದ ಹಾಳೆ ಮಗುಚಿದರು. "ನೋಡು, ನನ್ನ ಆಫೀಸಿನ ಅಮರೇಶ್ ಹೋಗಿ ಬಂದಿದಾನೆ. ಬೆಳಗಿನ ಜಾವಕ್ಕೇ ಹಡಗು ಹತ್ಬೇಕಂತೆ. ಅಜ್ಜಿ ಸ್ನಾನ ಆಗಿ ಪೂಜೆ ಆಗ್ದೆ ತೊಟ್ಟು ನೀರೂ ಕುಡಿಯಲ್ಲ. ಹೆಂಗೆ ಹೇಳು?"

"ಅಜ್ಜಿ ದಿನಾ ನಿಮಗಿಂತ ಮುಂಚೆ ಏಳ್ತಾರೆ. ಅವ್ರ ಲಿಂಗ ಅವ್ರ ಕೊರಳಲ್ಲೇ ಇರತ್ತೆ. ಪೂಜೆ ಮಾಡಕ್ಕೆ ಒಂದು ಅಂಗೈ ಸಾಕು. ನಾವೇನು ದೇವರ ಮನೆ ಹೊತ್ಕೊಂಡು ಹೋಗ್ಬೇಕಾ?"

ಅಮ್ಮ ಒಲೆಯ ಕಡೆ ತಿರುಗಿಕೊಂಡರು. ನಗು ತಡೆಯಲೋ, ಇನ್ನೇನಕ್ಕೋ ತಿಳಿಯಲಿಲ್ಲ.

"ನಂದಲ್ಲ ಕಣೆ ಈ ಮಾತು," ಎಂದು ಅಪ್ಪ ಪುಸ್ತಕ ಬಿಡಿಸಿ ಬೆರಳಿಟ್ಟು ತೋರಿಸಿದರು. "ನೀನೇ ತಂದಿರೋ ಪುಸ್ತಕ ಹೇಳ್ತಿರೋದು. ಕೆಲವು ಕಡೆ ಸಣ್ಣ ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳೀಬೇಕು, ವಯಸ್ಸಾದೋರಿಗೆ ಕಷ್ಟ ಅಂತ. ಅಮ್ಮ ಬಿದ್ದುಬುಟ್ರೆ ಯಾರು ಹೊಣೆ?"

"ಕೆಳಗಿನ ಪ್ಯಾರಾನೂ ಓದಿ."

"ಓದಿದೀನಿ."

"ಜೋರಾಗಿ ಓದಿ."

ಅಪ್ಪ ಓದಲಿಲ್ಲ. ರಕ್ಷಿತಾಳೇ ಪುಸ್ತಕ ಕಿತ್ತುಕೊಂಡು ಕನ್ನಡ ಮಾಡಿ ಓದಿದಳು. "ದೋಣಿಯವರಿಗೆ ಮೊದಲೇ ಹೇಳಿದರೆ ಕೈ ಕೊಟ್ಟು ಇಳಿಸುತ್ತಾರೆ. ಅದೂ ಆಗದಿದ್ದರೆ ದೊಡ್ಡ ಹಡಗು ನಿಲ್ಲುವ ದ್ವೀಪಗಳನ್ನೇ ಆರಿಸಿಕೊಳ್ಳಿ. ಕೇಳಿಸ್ತಾ? ಬರಬೇಡಿ ಅಂತ ಎಲ್ಲೂ ಬರ್ದಿಲ್ಲ. ಪುಸ್ತಕದ ಮೇಲೆ ಸುಳ್ಳು ಹೇಳ್ತೀರಾ?"

"ಹಂಗೆ ಮಾಡಿದ್ರೆ ಅರ್ಧ ಜಾಗಾನೂ ನೋಡಕ್ಕಾಗಲ್ಲ ಕಣೆ," ಎಂದರು ಅಪ್ಪ. ಆಮೇಲೆ ಅವಳ ಪಕ್ಕಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕುಳಿತರು. ಅಪ್ಪ ಹಾಗೆ ಕೂರುವುದು ಏನಾದರೂ ಬೇಕಾದಾಗಲೇ. "ಇವತ್ತು ಅಜ್ಜಿಗೆ ಈ ಅಧ್ಯಾಯ ಓದ್ತೀಯಲ್ಲ? ಕಷ್ಟ ಅನ್ನೋವರೆಗೂ ಓದು. ಅಲ್ಲಿಗೆ ಸಾಕು. ಅಜ್ಜಿನೇ 'ನಾನು ಬರಲ್ಲ' ಅಂತಾರೆ. ಯಾರಿಗೂ ಬೇಜಾರಾಗಲ್ಲ."

ರಕ್ಷಿತಾಳಿಗೆ ಕಿವಿಯೆಲ್ಲ ಬಿಸಿಯಾಯಿತು. ಅಂಗಡಿಯಲ್ಲಿ ನಕ್ಕವರು ಹೊರಗಿನವರು. ಇವರು ಅಪ್ಪ. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಪೂಜೆಯ ಗಂಟೆ ನಿಂತಿತು.

"ರಕ್ಷಿತಾ," ಅಜ್ಜಿಯ ದನಿ ಬಂತು. "ಬಾ ಮಗ. ಇವತ್ತು ನನ್ನ ಅಧ್ಯಾಯ ಅಲ್ವಾ?"

ಅಜ್ಜಿ ಚಾಪೆಯ ಮೇಲೆ ಕಾಲು ಮಡಿಸಿ ಕುಳಿತು, ಸೆರಗು ಹೊದ್ದು, ಆಗಲೇ ಕಣ್ಣು ಮುಚ್ಚಿದ್ದರು. ಯಾವತ್ತೂ ಈ ಓದಿಗೆ ಕೂರದ ಅಪ್ಪ ಇಂದು ಪೇಪರ್ ಹಿಡಿದು ಕುರ್ಚಿಯಲ್ಲಿ ಕುಳಿತರು. ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ರಕ್ಷಿತಾ ಮೊದಲ ಪ್ಯಾರಾ ಇಂಗ್ಲಿಷಿನಲ್ಲಿ ಓದಿದಳು. ಆಮೇಲೆ ಅದರ ಅರ್ಥ ಹೇಳಿದಳು. ಸಣ್ಣ ದೋಣಿ, ಮೊಣಕಾಲುದ್ದ ನೀರು, ಕಷ್ಟ. ಒಂದನ್ನೂ ಬಿಡಲಿಲ್ಲ.

ಮಂಡಿಯ ಮೇಲೆ ತಾಳ ಹಾಕುತ್ತಿದ್ದ ಅಜ್ಜಿಯ ಬೆರಳು ನಿಂತಿತು.

"ಕಷ್ಟ ಅಂತಾನಾ?" ಎಂದರು ಮೆಲ್ಲಗೆ. "ಇನ್ನೂ ಏನಾದ್ರೂ ಇದೆಯಾ ಮಗ, ಅಷ್ಟೇನಾ?"

"ಸ್ಟಾಪ್ ದೇರ್, ರಕ್ಷಿತಾ," ಎಂದರು ಅಪ್ಪ ಪೇಪರಿನ ಹಿಂದಿನಿಂದ, ಇಂಗ್ಲಿಷಿನಲ್ಲಿ. "ದಟ್ಸ್ ಇನಫ್. ಪ್ಲೀಸ್."

ರಕ್ಷಿತಾ ಅಪ್ಪನನ್ನು ನೋಡಿದಳು. ಅಪ್ಪ ಅಜ್ಜಿಯ ಕಡೆ ನೋಡುತ್ತಿರಲಿಲ್ಲ. ಪೇಪರನ್ನು ಮುಖಕ್ಕೆ ಅಷ್ಟು ಹತ್ತಿರ ಹಿಡಿದರೆ ಯಾರಿಗೂ ಅಕ್ಷರ ಕಾಣದು.

ಅಪ್ಪ ಅಜ್ಜಿಯನ್ನು ಯಾಕೆ ಕೇಳಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಕೇಳಿದರೆ ಅಜ್ಜಿ ಬರುತ್ತೇನೆ ಎನ್ನುತ್ತಾರೆ. ಅದು ಅಪ್ಪನಿಗೆ ಗೊತ್ತು. ಆಮೇಲೆ ಬೇಡ ಎಂದು ಅಪ್ಪನೇ ಹೇಳಬೇಕಾಗುತ್ತದೆ, ಅಜ್ಜಿಯ ಮುಖ ನೋಡಿಕೊಂಡು. ಅಷ್ಟು ದೊಡ್ಡ ಅಪ್ಪನಿಗೂ ಅದು ಆಗುವುದಿಲ್ಲ.

ಅವಳ ಸಿಟ್ಟೇನೂ ಹೋಗಲಿಲ್ಲ. ಆದರೆ ಕೂಗಬೇಕು ಅನ್ನಿಸಲಿಲ್ಲ. ಮುಂದಿನ ಪ್ಯಾರಾದ ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಅಜ್ಜಿಗೂ ತಿಳಿಯುವ ಹಾಗೆ, ಕನ್ನಡದಲ್ಲೇ ಹೇಳಿದಳು:

"ಇಲ್ಲ ಅಪ್ಪ. ಇಲ್ಲಿಗೆ ನಿಲ್ಲಿಸಲ್ಲ."